ಸ್ಲೈಡು ಒಣಗುವ ಮೊದಲು

ಗರ್ಭಕಂಠದ ಕೋಶಗಳನ್ನು ಸ್ಲೈಡಿಗೆ ಸವರಿ ಕ್ಯಾನ್ಸರಿನ ಮುನ್ಸೂಚನೆ ಹುಡುಕುವ ಪ್ಯಾಪ್ ಸ್ಮಿಯರ್ ಪರೀಕ್ಷೆಯ ವರದಿಯಲ್ಲಿ 'ಅನ್‌ಸ್ಯಾಟಿಸ್ಫ್ಯಾಕ್ಟರಿ' ಎಂದಿದ್ದರೆ ಕೆಲವರು ಕ್ಯಾನ್ಸರೇ ಬಂತೆಂದು ಬೆದರುತ್ತಾರೆ, ಕೆಲವರು ತೊಂದರೆಯೇನೂ ಇಲ್ಲವಂತೆ ಎಂದು ಸುಮ್ಮನಾಗುತ್ತಾರೆ. ಎರಡೂ ಅಲ್ಲ. ಓದಲು ಮಾದರಿ ಸಾಲಲಿಲ್ಲ, ಎರಡರಿಂದ ನಾಲ್ಕು ತಿಂಗಳಲ್ಲಿ ಮತ್ತೆ ತೆಗೆಸಿ ಎಂದಷ್ಟೇ ಅರ್ಥ.

ಸಾಲುವುದೆಂದರೆ ಎಷ್ಟು? ಪ್ಯಾಪ್ ವರದಿ ಬರೆಯುವ ಬೆಥೆಸ್ಡಾ ಪದ್ಧತಿಯಲ್ಲಿ ಮಾಮೂಲಿ ಸ್ಲೈಡಿಗೆ ಸುಮಾರು 8,000ದಿಂದ 12,000, ದ್ರವದಲ್ಲಿ ಸಂಗ್ರಹಿಸಿದ ಮಾದರಿಗೆ 5,000 ಸ್ಕ್ವಾಮಸ್ ಕೋಶಗಳು (ಗರ್ಭಕಂಠದ ಹೊರಮೈಯ ಚಪ್ಪಟೆ ಕೋಶಗಳು) ಸ್ಪಷ್ಟವಾಗಿ ಕಾಣಬೇಕು. ರಕ್ತವೋ ಕೀವೋ ಮುಕ್ಕಾಲು ಪಾಲಿಗಿಂತ ಹೆಚ್ಚು ಕೋಶಗಳನ್ನು ಮುಚ್ಚಿದ್ದರೆ ಮಾದರಿ ತಿರಸ್ಕೃತ. ಆದರೆ ಅಸಹಜ ಕೋಶ ಕಣ್ಣಿಗೆ ಬಿದ್ದರೆ ಈ ಲೆಕ್ಕವೆಲ್ಲ ಬದಿಗೆ. ಅದನ್ನು ವರದಿ ಮಾಡಲೇಬೇಕು.

ಕೋಶಗಳನ್ನು ಕೆರೆದು ತೆಗೆಯುವ ಚಪ್ಪಟೆ ಕಡ್ಡಿ, ಅಂದರೆ ಸ್ಪ್ಯಾಚುಲಾದ ಉದ್ದ ತುದಿಯನ್ನು ಗರ್ಭಕಂಠದ ಬಾಯಿಗೆ ಊರಿ ಪೂರ್ತಿ ಒಂದು ಸುತ್ತು ತಿರುಗಿಸಬೇಕು. ಬ್ರಷ್ ಆಮೇಲೆ, ಅದೂ ಕಾಲು ಸುತ್ತಿನಿಂದ ಅರ್ಧ ಸುತ್ತು ಮಾತ್ರ. ಮೊದಲೇ ಬ್ರಷ್ ಹಾಕಿದರೆ ರಕ್ತ ಬಂದು ಉಳಿದದ್ದನ್ನೂ ಕೆಡಿಸುತ್ತದೆ.

ಹೆಚ್ಚು ಸ್ಲೈಡು ಹಾಳಾಗುವುದು ಮಾತ್ರ ಇದಾದ ಮೇಲಿನ ಕೆಲವೇ ಸೆಕೆಂಡುಗಳಲ್ಲಿ. ಸ್ಲೈಡನ್ನು ಟ್ರೇಯಲ್ಲಿಟ್ಟು ಹೆಸರು ಬರೆಯಲು ಹೊರಟರೆ, ಮೇಲೆ ಫ್ಯಾನ್ ಬೇರೆ ತಿರುಗುತ್ತಿದ್ದರೆ, ತೆಳ್ಳಗೆ ಸವರಿದ ಪದರ ಒಣಗಿಯೇ ಹೋಗುತ್ತದೆ. ಒಣಗಿದ ಕೋಶದ ನ್ಯೂಕ್ಲಿಯಸ್ ಉಬ್ಬಿ, ಬಣ್ಣ ಮಾಸಿ, ಒಳಗಿನ ಕ್ರೊಮ್ಯಾಟಿನ್ (ಡಿಎನ್‌ಎ ಇರುವ ವಸ್ತು) ಕಲಸಿದಂತೆ ಕಾಣುತ್ತದೆ. ನ್ಯೂಕ್ಲಿಯಸ್ಸಿನ ಗಾತ್ರ ನೋಡಿಯೇ ತೀರ್ಪು ಕೊಡುವವರಿಗೆ ಇದಕ್ಕಿಂತ ಕೆಟ್ಟ ತಲೆನೋವಿಲ್ಲ. ಆದ್ದರಿಂದ ಹೆಸರು ಮೊದಲೇ ಬರೆದಿರಬೇಕು, ಅದೂ ಸ್ಲೈಡಿನ ಒರಟು ತುದಿಯಲ್ಲಿ ಪೆನ್ಸಿಲಿನಿಂದ. ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗುತ್ತದೆ. 95% ಎಥನಾಲ್ ತುಂಬಿದ ಜಾರ್ ಮುಚ್ಚಳ ತೆಗೆದು ಕೈಗೆಟುಕುವಲ್ಲೇ ಇರಲಿ. ಸವರಿದ ತಕ್ಷಣ ಅದ್ದಿ, ಕನಿಷ್ಠ 15 ನಿಮಿಷ ಬಿಡಿ. ಎಥನಾಲನ್ನು ವಾರಗಟ್ಟಲೆ ಬದಲಿಸದಿದ್ದರೆ ಒಬ್ಬರ ಕೋಶ ಇನ್ನೊಬ್ಬರ ಸ್ಲೈಡಿಗೆ ಅಂಟುವುದೂ ಉಂಟು.

ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್‌ಗೆ ಜೆಲ್ ಧಾರಾಳವಾಗಿ ಬಳಿಯಬೇಡಿ, ಉಗುರು ಬೆಚ್ಚಗಿನ ನೀರೇ ಸಾಕು. ಪರೀಕ್ಷೆಗೆ ಬರುವವರು ಮುಟ್ಟಿನ ದಿನಗಳನ್ನು ಬಿಟ್ಟು ಬರಲಿ. ಹಿಂದಿನ ಎರಡು ದಿನ ಸಂಭೋಗ, ಯೋನಿಯೊಳಗಿಡುವ ಮಾತ್ರೆ, ಒಳಗೆ ನೀರು ಹಾಕಿ ತೊಳೆಯುವುದು ಬೇಡ.

ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯೂ ಇದೆ, ಅದಕ್ಕೆ ಮಹಿಳೆಯೇ ಮಾದರಿ ತೆಗೆದುಕೊಳ್ಳಬಹುದು. ಅಲ್ಲಿ ಕೋಶದ ಆಕಾರ ಮುಖ್ಯವಲ್ಲ. ಹಲವು ಕಿಟ್‌ಗಳು ಮನುಷ್ಯನ ಜೀನನ್ನೂ ಹುಡುಕುತ್ತವೆ. ಅದು ಸಿಗದಿದ್ದರೆ ಸ್ವ್ಯಾಬ್‌ನಲ್ಲಿ ಕೋಶವೇ ಬಂದಿಲ್ಲವೆಂದು ತಿಳಿಯುತ್ತದೆ. ಆದರೆ ಯೋನಿಯಿಂದ ತೆಗೆದ ಆ ಮಾದರಿಯಲ್ಲೇ ಪ್ಯಾಪ್ ನೋಡಿಬಿಡಿ ಎಂದರೆ ಆಗದು. ಪಾಸಿಟಿವ್ ಬಂದವರು ಮುಂದಿನ ತಪಾಸಣೆಗೆ ಆಸ್ಪತ್ರೆಗೇ ಬರಬೇಕು.