ನಿದ್ದೆಯ ಸೀಟಿಗೆ ಕರ್ಚೀಫ್

ನನ್ನ ಅಕ್ಕನ ಮಗಳು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪೀಜಿ, ಅಂದರೆ ಎಂಬಿಬಿಎಸ್ ಆದಮೇಲಿನ ಓದು, ಮಾಡುತ್ತಿದ್ದಾಳೆ. ಅವರ ಡ್ಯೂಟಿ ರೂಮಿನಲ್ಲಿ ಒಂದು ಮಾತು ಆಡುವ ಹಾಗಿಲ್ಲವಂತೆ: "ಇವತ್ತು ಕೇಸ್ ಕಮ್ಮಿ." ಹಾಗಂದರೆ ಮುಗೀತು, ಐದೇ ನಿಮಿಷಕ್ಕೆ ಕ್ಯಾಶುವಾಲ್ಟಿ ತುಂಬುತ್ತದೆ ಅನ್ನುವ ನಂಬಿಕೆ. ಕೆಲವರ ಕಾಲ್ಗುಣವೇ ಸರಿಯಿಲ್ಲ ಅಂತಲೂ ಹೇಳುತ್ತಾರೆ. ಇವುಗಳಿಂದ ಯಾರಿಗೂ ತೊಂದರೆಯಿಲ್ಲ, ಇರಲಿ ಬಿಡಿ. ನನಗೆ ಸಿಟ್ಟು ಬರುವುದು ಇನ್ನೊಂದು ಮೂಢನಂಬಿಕೆಯ ಮೇಲೆ: ನಿದ್ದೆಗೆಟ್ಟರೇನೇ ಗಟ್ಟಿ ಡಾಕ್ಟರ್ ಆಗುವುದು! "ನಾವೂ ಹೀಗೇ ದುಡಿದು ಬಂದವರು" ಅಂತ ಸೀನಿಯರ್‌ಗಳು ಅದನ್ನು ಮಂತ್ರದ ಹಾಗೆ ಹೇಳುತ್ತಾರೆ.

ದುಡಿದಿರಬಹುದು. ಮಿದುಳಿಗೆ ಮಾತ್ರ ಸೀನಿಯಾರಿಟಿ ಗೊತ್ತಿಲ್ಲ.

ಎಚ್ಚರವಿರುವಷ್ಟು ಹೊತ್ತೂ ಮಿದುಳಿನ ಕೋಶಗಳು ಶಕ್ತಿ ಉರಿಸುತ್ತಿರುತ್ತವೆ. ಆಗ ಅಡಿನೋಸಿನ್ ಅನ್ನುವ ವಸ್ತು ಉಳಿಯುತ್ತದೆ. ಮದುವೆ ಮನೆಯಲ್ಲಿ ಎಲೆ ಎತ್ತದೆ ಪಂಕ್ತಿ ಮೇಲೆ ಪಂಕ್ತಿ ಕೂರಿಸಿದ ಹಾಗೆ, ಗಂಟೆಗಂಟೆಗೂ ಅದು ಜಾಸ್ತಿಯಾಗುತ್ತದೆ. ಎಲೆ ಎತ್ತುವ ಕೆಲಸ ನಿದ್ದೆಯದು. ಅಡಿನೋಸಿನ್‌ಗೆ ಕೂರಲು ಕೋಶಗಳ ಮೇಲೆ ಸೀಟುಗಳಿವೆ. ಅದು ಕೂತಷ್ಟೂ ತೂಕಡಿಕೆ. ಕಾಫಿ ಮಾಡುವುದೇನು? ಮೆಜೆಸ್ಟಿಕ್‌ನಲ್ಲಿ ಕಿಟಕಿಯಿಂದ ಬಸ್ ಸೀಟಿಗೆ ಕರ್ಚೀಫ್ ಎಸೆಯುತ್ತೇವಲ್ಲ, ಅದೇ. ಕೆಫೀನ್ ಸುಮ್ನೆ ಸೀಟು ಹಿಡಿದಿರುತ್ತದೆ. ಅಡಿನೋಸಿನ್ ಬಸ್ಸಿಂದ ಇಳಿದು ಹೋಗಿರುವುದಿಲ್ಲ, ನಿಂತುಕೊಂಡೇ ಇರುತ್ತದೆ. ಕೆಫೀನ್ ಇಳಿದಿದ್ದೇ ತಡ, ನಿಂತವರೆಲ್ಲ ಒಟ್ಟಿಗೆ ಧೊಪ್ಪಂತ ಕೂರುತ್ತಾರೆ. ಬೆಳಗಿನ ರೌಂಡ್ಸ್ ಶುರುವಾಗುವುದೂ ಸರಿಯಾಗಿ ಆಗಲೇ!

1997ರಲ್ಲಿ ಡಾಸನ್ ಮತ್ತು ರೀಡ್ ಅನ್ನುವ ಸಂಶೋಧಕರು ಇದನ್ನು ಅಳೆದರು. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರಷ್ಟು ಕೆಟ್ಟಿತ್ತು. ನಮ್ಮಲ್ಲಿ ಗಾಡಿ ಓಡಿಸುವವರಿಗೆ ಮಿತಿ 30 ಮಿಲಿಗ್ರಾಂ. ಆ ಸ್ಥಿತಿಯಲ್ಲಿ ಸ್ಕೂಟರ್ ಮುಟ್ಟಬಾರದು, ಹೊಲಿಗೆ ಹಾಕಬಹುದು. ಚೆನ್ನಾಗಿದೆ, ಅಲ್ವಾ?

ಹಗಲೂ ರಾತ್ರಿ ದುಡಿಸಿ ಡಾಕ್ಟರ್ ಮಾಡುವ ಈ ಪದ್ಧತಿಯ ಮೂಲಪುರುಷರಲ್ಲೊಬ್ಬರು ವಿಲಿಯಂ ಹಾಲ್‌ಸ್ಟೆಡ್. 1889ರಲ್ಲಿ ಬಾಲ್ಟಿಮೋರ್‌ನಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ದೊಡ್ಡ ಸರ್ಜನ್. ಅವರ ಶಿಷ್ಯರು ಆಸ್ಪತ್ರೆಯಲ್ಲೇ ವಾಸ, ಅದಕ್ಕೇ 'ರೆಸಿಡೆಂಟ್' ಅನ್ನುವ ಹೆಸರು. ಅರಿವಳಿಕೆಗೆಂದು ಕೊಕೇನನ್ನು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡ ಹಾಲ್‌ಸ್ಟೆಡ್ ಅದಕ್ಕೆ ದಾಸರಾದರು, ಆಮೇಲೆ ಮಾರ್ಫೀನ್‌ಗೆ. ಅದು ಹಾಗಿರಲಿ, ನಮ್ಮ ಕೇಂದ್ರ ಸರ್ಕಾರ 1992ರಲ್ಲೇ ರೆಸಿಡೆಂಟ್‌ಗಳಿಗೆ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆ ಮೀರದ ಡ್ಯೂಟಿ ಅಂತ ನಿಯಮ ಮಾಡಿತ್ತು. ಯಾವ ಪೀಜಿಗಾದರೂ ಇದನ್ನು ಹೇಳಿ ನೋಡಿ, ನಗುತ್ತಾರೆ.

ಆದರೆ ಬರ್ನ್‌ಔಟ್, ಅಂದರೆ ದುಡಿದೂ ದುಡಿದೂ ಬಸವಳಿದು ಹೋಗುವುದು, ಬರೀ ನಿದ್ದೆಯ ಲೆಕ್ಕವಲ್ಲ. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಅದಕ್ಕೆ ಮೂರು ಗುರುತು ಹೇಳಿದ್ದಾರೆ. ಮನಸ್ಸು ಬತ್ತುವುದು. ತನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಮತ್ತು ಲಕ್ಷ್ಮಮ್ಮ ಅನ್ನುವ ಹೆಂಗಸು 'ಬೆಡ್ ನಂಬರ್ 12' ಆಗಿಬಿಡುವುದು. ಇಲ್ಲಿ ಯೂನಿಟ್ ಚೀಫ್ ಎಂಥವರು ಅನ್ನುವುದು ಮುಖ್ಯವಾಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ 2013ರಲ್ಲಿ ತನ್ನ ಡಾಕ್ಟರುಗಳಿಂದಲೇ ಮೇಲಿನವರಿಗೆ 60ಕ್ಕೆ ಅಂಕ ಕೊಡಿಸಿತು. ನನ್ನ ಅಭಿಪ್ರಾಯ ಕೇಳುತ್ತಾರಾ, ಮರ್ಯಾದೆ ಕೊಡುತ್ತಾರಾ, ಇಂಥ ಪ್ರಶ್ನೆಗಳು. ಒಂದೊಂದು ಅಂಕ ಹೆಚ್ಚಿದ ಹಾಗೂ ಕೆಳಗಿನವರಲ್ಲಿ ಬರ್ನ್‌ಔಟ್ ಸಾಧ್ಯತೆ ಶೇ. 3.3 ಕಮ್ಮಿ ಕಂಡಿತು. ಅವರೆಲ್ಲ ಕಲಿತು ಮುಗಿಸಿದ ಡಾಕ್ಟರುಗಳು. ಎದುರು ಮಾತಾಡಲಾಗದ ಪೀಜಿಗಳ ಪಾಡು ನೀವೇ ಊಹಿಸಿ.

ಸಂಶೋಧಕಿ ಆಮಿ ಎಡ್ಮಂಡ್‌ಸನ್ 1996ರಲ್ಲಿ ಕಂಡದ್ದು ಇನ್ನೂ ಮಜವಾಗಿದೆ. ಒಳ್ಳೆಯ ಮೇಲ್ವಿಚಾರಕರಿದ್ದ ವಾರ್ಡ್‌ಗಳಲ್ಲಿ ಔಷಧದ ತಪ್ಪುಗಳು ಜಾಸ್ತಿ ದಾಖಲಾಗಿದ್ದವು! ಅಲ್ಲಿಯವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ. ಹೆದರದೆ ಹೇಳಿಕೊಳ್ಳುತ್ತಿದ್ದರು. ಬೈಯುವ ಕಡೆ ತಪ್ಪು ಕೇಸ್ ಶೀಟಿನೊಳಗೇ ಅಡಗಿ ಕೂರುತ್ತದೆ.

ಹೋದ ತಿಂಗಳು ನಮ್ಮ ಹುಡುಗಿಯ ಯೂನಿಟ್ ಬದಲಾಯಿತು. ಬೆಳಗಿನ ಜಾವ ಒಬ್ಬ ರೋಗಿಗೆ ಪೊಟ್ಯಾಸಿಯಂ ಎರಡು ಸಲ ಬರೆದುಬಿಟ್ಟಿದ್ದಳಂತೆ. ಎಂಟು ಗಂಟೆಗೆ ತಾನಾಗೇ ಹೋಗಿ ಹೊಸ ಚೀಫ್ ಮೇಡಂಗೆ ಹೇಳಿದಳು. ಎರಡನೆಯದು ಇನ್ನೂ ಕೊಟ್ಟಿರಲಿಲ್ಲ. ಮೇಡಂ ಅದನ್ನು ಹೊಡೆದು ಹಾಕಿ, "ರಾತ್ರಿ ಎಷ್ಟು ಹೊತ್ತು ಮಲಗಿದೆಯಮ್ಮ?" ಅಂತ ಕೇಳಿ, ರೌಂಡ್ಸ್ ಬಿಡಿಸಿ ಹಾಸ್ಟೆಲ್‌ಗೆ ಕಳಿಸಿದರಂತೆ. ಅವತ್ತು ಮಧ್ಯಾಹ್ನ ನಾನು ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.