ಹಾಸನ, ಚಿಕ್ಕಮಗಳೂರಿನ ತಂಪಿನಲ್ಲಿ ಬೇಗ ಹಣ್ಣಾಗುವ ದ್ರಾಕ್ಷಿ ಬರುತ್ತದೆಯೇ?

ಓದುಗರ ಪ್ರಶ್ನೆ: ನಮ್ಮದು ಚಿಕ್ಕಮಗಳೂರು ಮತ್ತು ಕಡೂರು ನಡುವಿನ ಊರು. ಎರಡು ಎಕರೆ ಕೆಂಪು ಮಣ್ಣಿನ ಜಮೀನಿದೆ, ಬೋರ್‌ವೆಲ್ ನೀರಿದೆ. ತಿನ್ನುವ ದ್ರಾಕ್ಷಿ ಹಾಕಬೇಕು ಅಂತ ಆಸೆ. ಆದರೆ ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಚಳಿ ಜಾಸ್ತಿ. ಹೊರದೇಶದ ಚಳಿ ಸೀಮೆಗಳಲ್ಲಿ ಬೇಗ ಹಣ್ಣಾಗುವ ತಳಿಗಳಿವೆಯಂತೆ. ಅಂಥ ತಳಿ ಇಲ್ಲಿ ಹಾಕಿದರೆ ಬೆಳೆ ಬರುತ್ತದೆಯೇ?

ಉತ್ತರ: ಎರಡೂ ಜಿಲ್ಲೆಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನೇರವಾಗಿ ಹೇಳುತ್ತೇನೆ. ನಿಮ್ಮ ಜಾಗದಲ್ಲಿ ದ್ರಾಕ್ಷಿ ಬರುತ್ತದೆ. ಬೇಗ ಹಣ್ಣಾಗುವ ತಳಿಯೇ ಬೇಕು ಅನ್ನುವುದೂ ಸರಿ. ಆದರೆ ಅದು ಬೇಕಾಗಿರುವುದು ಚಳಿಗೆ ಹೆದರಿ ಅಲ್ಲ, ಮಳೆಗೆ ಹೆದರಿ. ಇದು ತಲೆಯಲ್ಲಿ ಕೂತರೆ ತಳಿ ಯಾವುದು, ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಯಾವಾಗ, ಗೊಂಚಲು ಎಷ್ಟು ಬಿಡಬೇಕು ಅನ್ನುವುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ.

ಮೊದಲು ಚಳಿಯ ಲೆಕ್ಕ ಮುಗಿಸೋಣ. ದಿನದ ಸರಾಸರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟು ಮೇಲಿರುತ್ತದೋ ಅಷ್ಟು ಬಿಸಿ ದ್ರಾಕ್ಷಿ ಬಳ್ಳಿಯ ಬೆಳವಣಿಗೆಗೆ ಸಿಕ್ಕಿತು ಎಂದು ಲೆಕ್ಕ. ಅದನ್ನು ದಿನದಿನವೂ ಕೂಡಿಸುತ್ತಾ ಹೋಗುತ್ತಾರೆ. ನಮ್ಮ ಡಿಸೆಂಬರ್ ತಿಂಗಳ ಒಂದು ದಿನ ತೆಗೆದುಕೊಳ್ಳಿ. ಹಗಲು 27, ರಾತ್ರಿ 15 ಅಂದರೆ ಸರಾಸರಿ 21. ಹತ್ತು ಕಳೆದರೆ 11 ಉಳಿಯಿತು. ಇಂಥ 120 ದಿನ ಸೇರಿದರೆ 1320. ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ, ಈಗಲೂ ಬಳಸುವ ಒಂದು ವಿಂಗಡಣೆ ಇದೆ. ಅದರಲ್ಲಿ ತೀರಾ ತಂಪಾದ ದ್ರಾಕ್ಷಿ ಸೀಮೆ ಅಂದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಏಳು ತಿಂಗಳಲ್ಲಿ ಈ ಲೆಕ್ಕ ಸುಮಾರು 1390 ದಾಟದ ಜಾಗ. ಅವರಿಗೆ ಏಳು ತಿಂಗಳಲ್ಲಿ ಸಿಗುವ ಬಿಸಿ ನಮಗೆ ಹೆಚ್ಚುಕಮ್ಮಿ ನಾಲ್ಕೇ ತಿಂಗಳಲ್ಲಿ ಸಿಗುತ್ತದೆ, ಅದೂ ಚಳಿಗಾಲದಲ್ಲಿ!

ಹಾಸನ ಪಟ್ಟಣದ ಎತ್ತರ ಬೆಂಗಳೂರಿನ ಎತ್ತರಕ್ಕೆ ಹತ್ತಿರವೇ ಇದೆ. ಬೆಂಗಳೂರಿನ ಪಕ್ಕದ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದಲ್ಲಿ ತಲೆಮಾರುಗಳಿಂದ ದ್ರಾಕ್ಷಿ ಬೆಳೆಯುತ್ತಿದ್ದಾರೆ, ಅಲ್ವಾ? ಹಾಗಾಗಿ ಚಳಿಗೆ ಬಳ್ಳಿ ಸಾಯುತ್ತದೆ ಅನ್ನುವ ಭಯ ಬೇಡ.

ಹಾಗಂತ ತಂಪು ಏನೂ ಮಾಡುವುದಿಲ್ಲ ಅಂತಲ್ಲ. ಚಾಟ್ನಿ ಮಾಡಿದ ಮೇಲೆ ಕಣ್ಣು, ಅಂದರೆ ಕಡ್ಡಿಯ ಮೇಲಿನ ಮೊಗ್ಗು, ಒಡೆಯುವುದು ನಿಧಾನವಾಗುತ್ತದೆ. ವಿಜಯಪುರದ ತೋಟಕ್ಕಿಂತ ಹಣ್ಣು ಒಂದಷ್ಟು ದಿನ ತಡವಾಗುತ್ತದೆ. ಹುಳಿ ಬೇಗ ಇಳಿಯುವುದಿಲ್ಲ. ಲಾಭವೂ ಇದೆ. ಕೆಂಪು, ಕಪ್ಪು ದ್ರಾಕ್ಷಿಗೆ ಬಣ್ಣ ಬರುವುದೇ ತಂಪು ರಾತ್ರಿಗಳಲ್ಲಿ. ಬಿಸಿ ಸೀಮೆಯಲ್ಲಿ ಅರೆಬರೆ ಬಣ್ಣ ಬರುವ ತಳಿಗೆ ನಮ್ಮಲ್ಲಿ ಒಳ್ಳೆಯ ಬಣ್ಣ ಕಟ್ಟುತ್ತದೆ.

ಇನ್ನು ಮಳೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಚಳಿ ದೇಶಗಳಲ್ಲಿ ಬಳ್ಳಿ ಚಳಿಗಾಲವಿಡೀ ಮಲಗಿಬಿಡುತ್ತದೆ. ವಸಂತದ ಕೊನೆಯ ಹಿಮಕ್ಕೂ ಶರತ್ಕಾಲದ ಮೊದಲ ಹಿಮಕ್ಕೂ ನಡುವೆ ಚಿಗುರಿ, ಹೂ ಬಿಟ್ಟು, ಹಣ್ಣಾಗಬೇಕು. ಹಂಗೇರಿಯ ಪರ್ಲ್ ಆಫ್ ಸಬಾ, ನ್ಯೂಯಾರ್ಕ್ ರಾಜ್ಯದಲ್ಲಿ 1952ರಲ್ಲಿ ಬಿಡುಗಡೆಯಾದ ಹಿಮ್ರಾಡ್ ಇವೆಲ್ಲ ಅಂಥ ಕಡೆಯ ಬೇಗನೆ ಹಣ್ಣಾಗುವ ತಳಿಗಳು. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ. ನಾವು ಕತ್ತರಿ ಹಾಕಿದಾಗ ಅದು ಚಿಗುರುತ್ತದೆ. ಅದಕ್ಕೇ ಕರ್ನಾಟಕ, ಮಹಾರಾಷ್ಟ್ರದಲ್ಲಿ ವರ್ಷಕ್ಕೆ ಎರಡು ಚಾಟ್ನಿ. ಬೇಸಿಗೆಯ ಚಾಟ್ನಿ ಕಡ್ಡಿ ಬೆಳೆಸುವುದಕ್ಕೆ, ಅಕ್ಟೋಬರ್ ಸುತ್ತಿನ ಚಾಟ್ನಿ ಹಣ್ಣು ಪಡೆಯುವುದಕ್ಕೆ.

ಹಣ್ಣಿನ ಚಾಟ್ನಿಯಾದ ಮೇಲೆ ಬರುವ ಎಳೆ ಚಿಗುರಿಗೆ, ಹೂವಿಗೆ ಮಳೆ ಬಿದ್ದರೆ ಡೌನಿ ಅನ್ನುವ ಬೂಜು ರೋಗ ಎರಗುತ್ತದೆ. ಹಣ್ಣಾಗುವಾಗ ಮಳೆ ಬಿದ್ದರೆ ಕಾಯಿ ಸೀಳಿ ಕೊಳೆಯುತ್ತದೆ. ಹಾಗಾಗಿ ಹಿಂಗಾರು ಕಡಿಮೆಯಾದ ಮೇಲೆ ಶುರುಮಾಡಿ, ಬೇಸಿಗೆ ಮಳೆಗೆ ಮುಂಚೆ ಮುಗಿಸಬೇಕು. ನಮ್ಮ ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳುವುದಾದರೆ, ಸ್ವಾತಿ ಮಳೆ ಮುಗಿಯುವುದು ನವೆಂಬರ್ ಮೊದಲ ವಾರ. ರೇವತಿ ಮಳೆ ಹುಟ್ಟುವುದು ಮಾರ್ಚ್ ಕೊನೆಗೆ. ನಡುವೆ ಸಿಗುವುದು ನಾಲ್ಕೂಮುಕ್ಕಾಲು ತಿಂಗಳು. ಅದರಲ್ಲೂ ಮಾರ್ಚ್‌ನ ಎರಡನೇ ಅರ್ಧವನ್ನು ನಂಬುವ ಹಾಗಿಲ್ಲ. ಕಾಫಿಯವರು ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ, ಆಕಾಶ ನೋಡುತ್ತಾ ಕೂರುವ ಹೊತ್ತು ಅದು. ಅವರು ಬೇಡಿಕೊಳ್ಳುವ ಅದೇ ಮಳೆ ನಿಮ್ಮ ಗೊಂಚಲಿಗೆ ಬೇಡ.

ಥಾಮ್ಸನ್ ಸೀಡ್‌ಲೆಸ್ ಅನ್ನುವ ಬೀಜವಿಲ್ಲದ ತಳಿಗೆ ಬಯಲುಸೀಮೆಯಲ್ಲೇ ಚಾಟ್ನಿಯಿಂದ ಕೊಯ್ಲಿಗೆ ನಾಲ್ಕು ತಿಂಗಳ ಮೇಲೆ ಬೇಕು. ನಮ್ಮ ತಂಪಿನ ಒಂದೆರಡು ವಾರ ಸೇರಿಸಿ. ಮಾರ್ಚ್ ಕೊನೆಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಬೇಗ ಬರುವ ತಳಿ ಮಾರ್ಚ್ ಮಧ್ಯದೊಳಗೆ ತೋಟ ಖಾಲಿ ಮಾಡುತ್ತದೆ. ಆ ಎರಡು ವಾರಕ್ಕೆ ಇಷ್ಟೆಲ್ಲ ಒದ್ದಾಟ.

ಬೇಗ ಮುಗಿಸುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹೊಸದಾಗಿ ದ್ರಾಕ್ಷಿ ಹಾಕುವವರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮುಂದಿನ ವರ್ಷದ ಗೊಂಚಲು ಕಡ್ಡಿಯ ಕಣ್ಣಿನೊಳಗೆ ಈ ವರ್ಷದ ಬೇಸಿಗೆಯಲ್ಲೇ ಹುಟ್ಟುತ್ತದೆ. ಬೇಸಿಗೆ ಚಾಟ್ನಿಯಾದ ಸುಮಾರು 40ರಿಂದ 60 ದಿನಗಳ ಹೊತ್ತಿಗೆ ಆ ಕೆಲಸ ನಡೆಯುತ್ತದೆ. ಆಗ ಕಣ್ಣಿಗೆ ಒಳ್ಳೆಯ ಬಿಸಿಲು ಬೀಳಲೇಬೇಕು. ಮೋಡ ಕವಿದಿದ್ದರೆ ಗೊಂಚಲಾಗಬೇಕಾದ್ದು ಸುಮ್ನೆ ಬಳ್ಳಿಯಾಗುತ್ತದೆ ಇಲ್ಲವೇ ಸುರುಳಿ ತಂತಿಯಾಗುತ್ತದೆ.

ದಿನಗಳನ್ನು ಜೋಡಿಸಿ ನೋಡಿ. ಮಾರ್ಚ್ ಮಧ್ಯಕ್ಕೆ ಕೊಯ್ಲು ಮುಗಿಯಿತು. ಎರಡು ಮೂರು ವಾರ ಬಳ್ಳಿಗೆ ಬಿಡುವು ಕೊಟ್ಟು ಏಪ್ರಿಲ್ ಮೊದಲ ವಾರ ಬೇಸಿಗೆ ಚಾಟ್ನಿ ಮಾಡಿದಿರಿ. ಆ 40–60 ದಿನ ಬೀಳುವುದು ಮೇ ಮಧ್ಯದಿಂದ ಜೂನ್ ಆರಂಭದವರೆಗೆ. ಮೃಗಶಿರಾ ಮಳೆಗೆ ಮುಂಚೆ, ಬಿಸಿಲಿನಲ್ಲೇ ಕೆಲಸ ಮುಗಿಯಿತು. ಅದೇ ಹಣ್ಣು ಏಪ್ರಿಲ್ ಮಧ್ಯದವರೆಗೆ ಬಳ್ಳಿಯಲ್ಲಿದ್ದರೆ? ಚಾಟ್ನಿ ಮೇ ತಿಂಗಳಿಗೆ ಹೋಗುತ್ತದೆ. ಕಣ್ಣು ಕಟ್ಟುವ ಹೊತ್ತಿಗೆ ಮುಂಗಾರಿನ ಮೋಡ. ಕಡೂರು, ಅರಸೀಕೆರೆ ಕಡೆ ಮಳೆ ಕಡಿಮೆ ಬಿದ್ದರೂ ಜೂನ್, ಜುಲೈನಲ್ಲಿ ಮೋಡ ಮಾತ್ರ ತಪ್ಪುವುದಿಲ್ಲ. ಬಳ್ಳಿ ಹಸಿರಾಗಿ ತುಂಬಿಕೊಂಡಿರುತ್ತದೆ, ನವೆಂಬರ್‌ನಲ್ಲಿ ನೋಡಿದರೆ ಗೊಂಚಲೇ ಇಲ್ಲ. ಗೊಬ್ಬರ ಕಡಿಮೆಯಾಯಿತೇನೋ ಅಂತ ಮತ್ತಷ್ಟು ಯೂರಿಯಾ ಸುರಿಯುತ್ತಾರೆ. ಅದರಿಂದ ಸೊಪ್ಪು ಇನ್ನೂ ಹೆಚ್ಚಿ, ಕಣ್ಣಿಗೆ ನೆರಳು ಜಾಸ್ತಿಯಾಗುತ್ತದೆ. ಈ ವರ್ಷದ ಹಣ್ಣು ಬೇಗ ಬಂದರೆ ಮಾತ್ರ ಮುಂದಿನ ವರ್ಷ ಹಣ್ಣು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ತಳಿ ವಿಷಯದಲ್ಲಿ ಯುರೋಪಿಗಿಂತ ಪಂಜಾಬ್ ಕಡೆ ನೋಡುವುದು ನಮಗೆ ಹೆಚ್ಚು ಉಪಯೋಗ. ಅಲ್ಲೂ ಜೂನ್ ಕೊನೆಯ ಮುಂಗಾರಿಗೆ ಮುಂಚೆ ಹಣ್ಣು ಇಳಿಸಬೇಕು. ಅದಕ್ಕೇ ಪರ್ಲೆಟ್, ಬ್ಯೂಟಿ ಸೀಡ್‌ಲೆಸ್, ಫ್ಲೇಮ್ ಸೀಡ್‌ಲೆಸ್‌ನಂಥ ಬೇಗನೆ ಬರುವ ತಳಿಗಳನ್ನು ಅಲ್ಲಿ ಹಾಕಿದರು. ನನ್ನನ್ನು ಕೇಳಿದರೆ ನಿಮಗೆ ಫ್ಲೇಮ್ ಸೀಡ್‌ಲೆಸ್ ಮೊದಲ ಆಯ್ಕೆ. ಬೀಜವಿಲ್ಲ, ಕೆಂಪು ಬಣ್ಣ, ಗರಿಗರಿ ತಿರುಳು, ಥಾಮ್ಸನ್‌ಗಿಂತ ಮೊದಲೇ ಹಣ್ಣು. ನಮ್ಮ ತಂಪು ರಾತ್ರಿ ಇದಕ್ಕೆ ಬಣ್ಣ ಕೊಡುತ್ತದೆ. ಕಪ್ಪು ಬೇಕಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನೀಲಮಣಿ ಇದೆ. ಬ್ಲ್ಯಾಕ್ ಚಂಪಾ ಮತ್ತು ಥಾಮ್ಸನ್ ಸೀಡ್‌ಲೆಸ್ ಕೂಡಿಸಿ ಮಾಡಿದ್ದು, ಎಲೆ, ಕಾಯಿಯ ಮೇಲೆ ಚುಕ್ಕೆ ಬೀಳಿಸುವ ಚಿಬ್ಬು ರೋಗವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಬೆಂಗಳೂರು ಬ್ಲೂ ಗಟ್ಟಿ ಬಳ್ಳಿ ನಿಜ, ಚಿಬ್ಬು ರೋಗಕ್ಕೆ ಬಗ್ಗುವುದಿಲ್ಲ. ಆದರೆ ಬೀಜ ಇದೆ, ಡೌನಿ ತಗಲುತ್ತದೆ, ಬೇಗ ಬರುವ ತಳಿಯಲ್ಲ. ಮನೆಯಂಗಳದ ಚಪ್ಪರಕ್ಕೆ ಚೆನ್ನ.

ಹೊರದೇಶದಿಂದ ಯಾರೋ ನೆಂಟರ ಕೈಲಿ ಕಡ್ಡಿ ತರಿಸುವುದು ಖಂಡಿತ ಬೇಡ. ಪರವಾನಗಿ ಇಲ್ಲದೆ ಗಿಡದ ಕಡ್ಡಿ ತರುವುದು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಅಪರಾಧ. ರೋಗ, ವೈರಸ್ ಜೊತೆಗೇ ಬರುತ್ತವೆ. ಮೇಲಾಗಿ ಚಳಿ ದೇಶದ ತಳಿಗಳು ಚಳಿಗಾಲದ ಗಾಢ ನಿದ್ದೆಗೆ ಹೊಂದಿಕೊಂಡಂಥವು. ನಮ್ಮ 15 ಡಿಗ್ರಿ ಅವಕ್ಕೆ ಚಳಿಯೇ ಅಲ್ಲ.

ಹಣ್ಣಿನ ಚಾಟ್ನಿಯನ್ನು ನವೆಂಬರ್ ಮೊದಲ ವಾರಕ್ಕೆ ಇಟ್ಟುಕೊಳ್ಳಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಇದ್ದರೆ ನಾಲ್ಕು ದಿನ ತಡೆಯಿರಿ. ಕಣ್ಣು ಒಟ್ಟಿಗೇ ಒಡೆಯಲಿ ಅಂತ ಚಾಟ್ನಿಯಾದ ಒಂದೆರಡು ದಿನದೊಳಗೆ ಹೈಡ್ರೋಜನ್ ಸೈನಮೈಡ್ ಅನ್ನು ಬಟ್ಟೆಯಲ್ಲಿ ಕಣ್ಣಿಗೆ ಹಚ್ಚುತ್ತಾರೆ. ತಂಪು ಜಾಗದಲ್ಲಿ ಇದು ಬೇಕಾಗುತ್ತದೆ. ಆದರೆ ಇದು ವಿಷ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ಹಚ್ಚುವವರು ಹಿಂದಿನ ದಿನವಾಗಲಿ, ಹಚ್ಚಿದ ನಂತರದ ಕೆಲವು ದಿನವಾಗಲಿ ಮದ್ಯ ಮುಟ್ಟಲೇಬಾರದು, ಎರಡೂ ಸೇರಿದರೆ ಜೀವಕ್ಕೇ ಅಪಾಯ. ಕೂಲಿಗೆ ಬರುವವರಿಗೆ ಇದನ್ನು ಎದುರು ಕೂರಿಸಿಕೊಂಡು ಬಿಡಿಸಿ ಹೇಳಿ.

ಹಣ್ಣು ಬೇಗ ಬರಬೇಕಾದರೆ ಔಷಧಿ, ಟಾನಿಕ್‌ಗಿಂತ ಒಳ್ಳೆಯ ಉಪಾಯ ಗೊಂಚಲು ಕಡಿಮೆ ಮಾಡುವುದು. ಒಂದು ಚಿಗುರಿಗೆ ಒಂದೇ ಗೊಂಚಲು. ಪ್ರತಿ ಗೊಂಚಲಿಗೆ 12ರಿಂದ 15 ಒಳ್ಳೆಯ ಎಲೆ. ಬಳ್ಳಿಯಲ್ಲಿ ಭಾರ ಹೆಚ್ಚಿದಷ್ಟೂ ಸಿಹಿ ಕಟ್ಟುವುದು ತಡ. ಕಾಯಿ ಕಟ್ಟಿದ ಮೇಲೆ ಗೊಂಚಲಿನ ಸುತ್ತಲಿನ ಎಲೆಗಳನ್ನು, ಬೆಳಗಿನ ಬಿಸಿಲು ಬೀಳುವ ಕಡೆಯಿಂದ ಮಾತ್ರ, ಸ್ವಲ್ಪ ತೆಗೆಯಿರಿ. ಬಣ್ಣ ಬಂದ ಕೂಡಲೇ ಕತ್ತರಿಸಬೇಡಿ. ದ್ರಾಕ್ಷಿ ಬಾಳೆ, ಮಾವಿನ ಹಾಗೆ ಕೊಯ್ದ ಮೇಲೆ ಹಣ್ಣಾಗುವುದಿಲ್ಲ, ಹುಳಿ ಇದ್ದದ್ದು ಹುಳಿಯಾಗೇ ಉಳಿಯುತ್ತದೆ. ಸಿಹಿ ಅಳೆಯುವ ಕೈ ಉಪಕರಣ, ರಿಫ್ರಾಕ್ಟೋಮೀಟರ್, ಒಂದು ಇಟ್ಟುಕೊಳ್ಳಿ. 16ರಿಂದ 18 ಬ್ರಿಕ್ಸ್ ತೋರಿಸಿ, ಬಾಯಿಗೂ ಹುಳಿ ಇಳಿದಿದೆ ಅನ್ನಿಸಿದರೆ ಕೊಯ್ಲು.

ರೋಗದ ವಿಷಯದಲ್ಲಿ ನಮ್ಮ ಕಡೆಯವರು ಹೊಸಬರಲ್ಲ. ಅಡಿಕೆಯ ಕೊಳೆರೋಗಕ್ಕೆ, ಕಾಫಿಯ ಎಲೆ ತುಕ್ಕಿಗೆ ಹೊಡೆಯುವ ಬೋರ್ಡೋ ದ್ರಾವಣ ಮೊದಲು ಹುಟ್ಟಿದ್ದೇ ದ್ರಾಕ್ಷಿಯ ಡೌನಿ ರೋಗಕ್ಕೆ. 1885ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಮಿಲಾರ್ಡೆ ಅನ್ನುವ ವಿಜ್ಞಾನಿ ಅದನ್ನು ಬೆಳಕಿಗೆ ತಂದರು. ಮೈಸೂರು ಸಂಸ್ಥಾನದಲ್ಲಿ ಅದನ್ನು ಅಡಿಕೆಗೆ ಒಗ್ಗಿಸಿದವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಎಳೆ ಚಿಗುರಿಗೆ ಇದು ಸುಡುತ್ತದೆ. ಮಳೆಗಾಲದ ಬಲಿತ ಎಲೆಗೆ, ಚಾಟ್ನಿಯಾದ ಬರಿ ಕಡ್ಡಿಗೆ ಬಳಸಿ. ಚಳಿಗಾಲದ ಒಣ ಹವೆಯಲ್ಲಿ ಬೂದಿ ರೋಗ ಬರುತ್ತದೆ, ಅದಕ್ಕೆ ನೀರಿನಲ್ಲಿ ಕರಗುವ ಗಂಧಕ ಸಾಕಾಗುತ್ತದೆ.

ಮಲೆನಾಡಿನವರಿಗೂ ಒಂದು ಮಾತು. ಕಡೂರು, ಅರಸೀಕೆರೆ ಕಡೆ ವರ್ಷದ ಮಳೆ 600–700 ಮಿ.ಮೀ. ಆಸುಪಾಸು. ಮೂಡಿಗೆರೆ, ಸಕಲೇಶಪುರದಲ್ಲಿ 2000 ದಾಟುತ್ತದೆ. ಅಲ್ಲಿ ಬಯಲಿನಲ್ಲಿ ದ್ರಾಕ್ಷಿ ಹಾಕಿ ದುಡ್ಡು ನೋಡುತ್ತೇವೆ ಅನ್ನುವ ಯೋಚನೆಯನ್ನು ನಾನು ಬೆಂಬಲಿಸುವುದಿಲ್ಲ. ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿಯ ಹಾಗೆ ಹಬ್ಬಿಸುತ್ತೇವೆ ಅಂದರೂ ಆಗುವುದಿಲ್ಲ. ದ್ರಾಕ್ಷಿಗೆ ನೆರಳು ಆಗದು. ಪ್ಲಾಸ್ಟಿಕ್ ಮರೆ ಕಟ್ಟಿ ಬೆಳೆಯುವ ಪದ್ಧತಿ ಇದೆ, ಖರ್ಚು ಬಹಳ. ಮಣ್ಣಿನ ಹುಳಿ, ಮಂಗನ ಕಾಟ ಬೇರೆ.

ನಿಮ್ಮ ಜಮೀನಿಗೆ ಬಂದರೆ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಹಾಸನದವರಿಗೆ ಕಂದಲಿಯ ಕೇಂದ್ರ ಹತ್ತಿರ. ರಸಸಾರ (ಪಿ.ಎಚ್.) 6.5ರಿಂದ 7.5ರ ನಡುವೆ ಇರಲಿ, ನೀರು ನಿಲ್ಲದಿರಲಿ. ಎರಡೂ ಎಕರೆಗೆ ಒಮ್ಮೆಲೇ ಕಲ್ಲುಕಂಬ, ತಂತಿ, ಡ್ರಿಪ್ ಅಂತ ಸಾಲ ಮಾಡಬೇಡಿ. 10 ಅಡಿ, 6 ಅಡಿ ಅಂತರದಲ್ಲಿ ಎಕರೆಗೆ 726 ಗಿಡ ಹಿಡಿಯುತ್ತವೆ. ನೀವು ಎರಡೇ ಸಾಲು ಹಾಕಿ, ಒಂದು ಫ್ಲೇಮ್, ಒಂದು ನೀಲಮಣಿ. ಚಿಕ್ಕಬಳ್ಳಾಪುರ ಕಡೆಯ ತೋಟಗಳಲ್ಲಿ ಹಣ್ಣಿನ ಚಾಟ್ನಿ ನಡೆಯುವಾಗ ಬಲಿತ ಕಡ್ಡಿ ಸಿಗುತ್ತದೆ. ರೋಗವಿಲ್ಲದ, ಹಿಂದಿನ ವರ್ಷ ಚೆನ್ನಾಗಿ ಫಲ ಕೊಟ್ಟ ಬಳ್ಳಿಯದ್ದೇ ಕೇಳಿ ತನ್ನಿ. ನಾಲ್ಕು ಕಣ್ಣಿನ ತುಂಡು ಮಾಡಿ ಪಾಲಿಥಿನ್ ಚೀಲದಲ್ಲಿ ಬೇರು ಬರಿಸಿ, ಬೇಸಿಗೆಗೆ ಮುಂಚೆ ನೆಡಿ. ಮೊದಲ ಹಣ್ಣಿಗೆ ಅಲ್ಲಿಂದ ಸುಮಾರು ಎರಡು ವರ್ಷ.