ಕೇಬಲ್ ಕಿತ್ತರೂ ಪಾಸಾಗುವ ಪರೀಕ್ಷೆ

ಸರ್ವರ್ ಪೆಟ್ಟಿಗೆಯ ಹಿಂಬದಿಯಲ್ಲಿ ಸಾಲಾಗಿ ನಾಲ್ಕು ಲ್ಯಾನ್ ಪೋರ್ಟ್‌ಗಳು. ನಾಲ್ಕೂ ಒಂದೇ ಅಚ್ಚಿನವು. ಒಳಗೆ ಲಿನಕ್ಸ್ ಅವಕ್ಕೆ ನಾಲ್ಕು ಹೆಸರಿಟ್ಟುಕೊಂಡಿದೆ. ಯಾವ ಹೆಸರು ಯಾವ ಪೋರ್ಟ್‌ನದು? ಕೇಬಲ್ ಸಿಕ್ಕಿಸಿದರೆ ಅದು ನಿಜಕ್ಕೂ ಕೆಲಸ ಮಾಡುತ್ತಿದೆಯೇ? ಇವೆರಡನ್ನೂ ಹೇಳುವ ಒಂದು ಶೆಲ್ ಸ್ಕ್ರಿಪ್ಟ್ ಬರೆಯುವುದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ ಅನ್ನಿಸುತ್ತದೆ. ಮೊದಲ ಪ್ರಶ್ನೆಯ ಮಟ್ಟಿಗೆ ಹೆಚ್ಚುಕಡಿಮೆ ನಿಜ. ಎರಡನೆಯದು ಮಾತ್ರ ಒಳ್ಳೊಳ್ಳೆಯವರನ್ನೂ ಏಮಾರಿಸುತ್ತದೆ.

ಹೆಸರಿನಿಂದಲೇ ಶುರುಮಾಡೋಣ. ಹಳೆಯ ಪದ್ಧತಿಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಮೊದಲು ಸಿಕ್ಕ ನೆಟ್‌ವರ್ಕ್ ಕಾರ್ಡ್ ‘ಇತ್0’, ಆಮೇಲೆ ಸಿಕ್ಕಿದ್ದು ‘ಇತ್1’. ಮುಂದಿನ ಸಲ ಬೂಟ್ ಆಗುವಾಗ ಸರದಿ ಬದಲಾದರೆ ಹೆಸರೂ ಅದಲುಬದಲು. ಇದನ್ನು ತಪ್ಪಿಸಲು ಪ್ರತಿ ಕಾರ್ಡಿಗೆ ತಯಾರಕರು ಕೊಟ್ಟ ಗುರುತುಸಂಖ್ಯೆಯಾದ ಮ್ಯಾಕ್ ವಿಳಾಸವನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುವ ಉಪಾಯ ಬಂತು. ಅದಕ್ಕೂ ಒಂದು ವಕ್ರತೆ ಇತ್ತು: ಕೆಟ್ಟ ಕಾರ್ಡ್ ತೆಗೆದು ಹೊಸದು ಹಾಕಿದರೆ ಹೊಸದಕ್ಕೆ ‘ಇತ್1’ ಎಂಬ ಹೆಸರು ಬೀಳುತ್ತಿತ್ತು, ಐಪಿ ವಿಳಾಸದ ವ್ಯವಸ್ಥೆಯೆಲ್ಲ, ಈಗ ಇಲ್ಲವಾದ ‘ಇತ್0’ಗಾಗಿ ಕಾಯುತ್ತ ಕೂತಿರುತ್ತಿತ್ತು. 2013ರಲ್ಲಿ, ಲಿನಕ್ಸ್ ಬೂಟ್ ಆಗುವಾಗ ಬೇಕಾದ ಸೇವೆಗಳನ್ನು ಶುರುಮಾಡಿಸುವ ತಂತ್ರಾಂಶವಾದ ಸಿಸ್ಟಮ್‌ಡಿಯ 197ನೇ ಆವೃತ್ತಿ ಹೊಸ ಕ್ರಮ ತಂದಿತು. ಮದರ್‌ಬೋರ್ಡ್ ಮೇಲಿನ ಕಾರ್ಡ್ ‘ಇಎನ್‌ಒ1’, ಪಿಸಿಐ ಬಸ್ 3ರ ಸ್ಲಾಟ್ 0ರಲ್ಲಿರುವುದು ‘ಇಎನ್‌ಪಿ3ಎಸ್0’. ಹೆಸರು ಕಾರ್ಡ್ ಕೂತ ಜಾಗಕ್ಕೆ ಅಂಟಿಕೊಂಡಿತು. ಹೆಸರು ಸ್ಥಿರವಾಯಿತು, ಬಾಯಲ್ಲಿ ಹೇಳುವುದು ಕಷ್ಟವಾಯಿತು. ಸ್ಕ್ರಿಪ್ಟ್ ಬರೆಯುವವರಿಗೆ ಇದರಿಂದ ಸಿಗುವ ಪಾಠ ಇಷ್ಟೇ: ‘ಇತ್0’ ಎಂದು ಎಲ್ಲೂ ಕೈಯಾರೆ ಬರೆಯಬೇಡಿ, ಇರುವ ಹೆಸರುಗಳನ್ನು ಯಂತ್ರವನ್ನೇ ಕೇಳಿ.

ಕೇಳುವುದಕ್ಕೆ ವಿಶೇಷ ಸಲಕರಣೆ ಬೇಕಿಲ್ಲ. ಯುನಿಕ್ಸ್ ಸಂಪ್ರದಾಯದಂತೆ ಎಲ್ಲವೂ ಫೈಲು. /ಸಿಸ್/ಕ್ಲಾಸ್/ನೆಟ್ ಎಂಬ ಡೈರೆಕ್ಟರಿಯಲ್ಲಿ ಒಂದೊಂದು ಇಂಟರ್‌ಫೇಸ್‌ಗೂ ಒಂದೊಂದು ಹೆಸರು, ಅದರೊಳಗೆ ಸಣ್ಣ ಸಣ್ಣ ಫೈಲುಗಳು. ‘ಅಡ್ರೆಸ್’ನಲ್ಲಿ ಮ್ಯಾಕ್ ವಿಳಾಸ, ‘ಸ್ಪೀಡ್’ನಲ್ಲಿ ವೇಗ, ‘ಕ್ಯಾರಿಯರ್’ನಲ್ಲಿ ಆಚೆ ತುದಿಯ ಸಂಕೇತ ಬರುತ್ತಿದೆಯೋ ಇಲ್ಲವೋ ಎಂಬ 1 ಅಥವಾ 0. ಒಂದು ‘ಫಾರ್’ ಲೂಪ್, ಒಂದು ‘ಕ್ಯಾಟ್’ ಸಾಕು. ಆದರೆ ಪಟ್ಟಿಯಲ್ಲಿ ಅಸಲಿ ಕಾರ್ಡ್‌ಗಳ ಜೊತೆಗೆ ಯಂತ್ರ ತನ್ನೊಂದಿಗೇ ಮಾತಾಡಲು ಬಳಸುವ ಲೂಪ್‌ಬ್ಯಾಕ್ ‘ಲೋ’, ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ (ಕಂಟೇನರ್) ಓಡಿಸುವ ಡಾಕರ್ ಹುಟ್ಟಿಸಿದ ಬ್ರಿಡ್ಜ್, ವಿಪಿಎನ್‌ನ ಸುರಂಗ, ಹೀಗೆ ಕಾಲ್ಪನಿಕ ಇಂಟರ್‌ಫೇಸ್‌ಗಳೂ ಇರುತ್ತವೆ. ಇವನ್ನು ಬೇರ್ಪಡಿಸುವ ದಾರಿ ಸುಲಭ: ಅಸಲಿ ಯಂತ್ರಾಂಶವಿದ್ದರೆ ಒಳಗೆ ‘ಡಿವೈಸ್’ ಎಂಬ ಕೊಂಡಿ ಇರುತ್ತದೆ, ಕಾಲ್ಪನಿಕವಾದರೆ ಸಾಮಾನ್ಯವಾಗಿ ಇರುವುದಿಲ್ಲ. ಮೊಬೈಲನ್ನು ಯುಎಸ್‌ಬಿ ಟೆದರಿಂಗ್‌ಗೆ ಜೋಡಿಸಿದ್ದರೆ ಅದೂ ಅಸಲಿಗಳ ಸಾಲಿಗೇ ಬಂದು ಕೂರುತ್ತದೆ. ಅದು ತಪ್ಪೇನಲ್ಲ.

ಇನ್ನು ಯಾವ ಹೆಸರು ಯಾವ ಪೋರ್ಟ್‌ನದು ಎನ್ನುವುದು. ಇತ್‌ಟೂಲ್ ಎಂಬ ಆದೇಶಕ್ಕೆ ಮೈನಸ್ ಪಿ, ಇಂಟರ್‌ಫೇಸ್‌ನ ಹೆಸರು, 10 ಎಂದು ಕೊಟ್ಟರೆ ಆ ಪೋರ್ಟ್‌ನ ಪುಟ್ಟ ದೀಪ ಹತ್ತು ಸೆಕೆಂಡು ಮಿನುಗುತ್ತದೆ. ಹಿಂದೆ ಹೋಗಿ ನೋಡಿದರಾಯಿತು. ಎಲ್ಲ ಡ್ರೈವರ್‌ಗಳೂ ಇದಕ್ಕೆ ಒಪ್ಪುವುದಿಲ್ಲ. ಒಪ್ಪದಿದ್ದರೆ ಒಂದೊಂದೇ ಕೇಬಲ್ ಕಿತ್ತು ಯಾವ ‘ಕ್ಯಾರಿಯರ್’ 1ರಿಂದ 0ಕ್ಕೆ ಇಳಿಯಿತು ಎಂದು ನೋಡುವುದೇ ಗತಿ.

ಈ ‘ಕ್ಯಾರಿಯರ್’ ಫೈಲಿಗೆ ಒಂದು ಗುಣವಿದೆ. ಇಂಟರ್‌ಫೇಸನ್ನೇ ಡೌನ್ ಮಾಡಿಟ್ಟಿದ್ದರೆ, ಅಂದರೆ ತಂತ್ರಾಂಶದಲ್ಲೇ ಆರಿಸಿಟ್ಟಿದ್ದರೆ, ಅದು 0 ಎನ್ನುವುದಿಲ್ಲ, ಓದಲು ಹೋದವರಿಗೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂಬ ದೋಷವನ್ನು ಮುಖಕ್ಕೆ ಎಸೆಯುತ್ತದೆ. ಸ್ಕ್ರಿಪ್ಟ್‌ನ ವೇರಿಯಬಲ್ ಖಾಲಿ ಉಳಿಯುತ್ತದೆ. ಅದನ್ನು ಉದ್ಧರಣ ಚಿಹ್ನೆಯಿಲ್ಲದೆ ಹೋಲಿಕೆಗೆ ಕೊಟ್ಟಿದ್ದರೆ ಶೆಲ್ ಅಲ್ಲೇ ಎಡವುತ್ತದೆ. ಹಾಗಾಗಿ ಮೊದಲು ‘ಐಪಿ ಲಿಂಕ್ ಸೆಟ್’ನಿಂದ ಅಪ್ ಮಾಡಿ, ಎರಡು ಮೂರು ಸೆಕೆಂಡು ಕಾದು, ಆಮೇಲೆ ಓದಬೇಕು. ಎರಡು ತುದಿಯ ಕಾರ್ಡ್‌ಗಳು ವೇಗದ ಬಗ್ಗೆ ಮಾತಾಡಿಕೊಳ್ಳಲು ಅಷ್ಟು ಹೊತ್ತು ಬೇಕು.

ವೇಗವೂ ಬಹಳ ಹೇಳುತ್ತದೆ. ತಾಮ್ರದ ತಂತಿಯ ಗಿಗಾಬಿಟ್ ಈಥರ್ನೆಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡೇ ಸಾಕು. ಗಿಗಾಬಿಟ್ ಕಾರ್ಡ್, ಗಿಗಾಬಿಟ್ ಸ್ವಿಚ್ ಎರಡೂ ಇದ್ದು ‘ಸ್ಪೀಡ್’ ಫೈಲು 100 ಎನ್ನುತ್ತಿದ್ದರೆ ನನ್ನ ಮೊದಲ ಅನುಮಾನ ಕೇಬಲ್ಲಿನ ತುದಿಯ ಕ್ರಿಂಪಿಂಗ್ (ತಂತಿಗಳನ್ನು ಪ್ಲಗ್ಗಿಗೆ ಒತ್ತಿ ಕೂರಿಸಿದ ರೀತಿ) ಮೇಲೆ.

ಈಗ ಎರಡನೆಯ ಪ್ರಶ್ನೆ. ಪರೀಕ್ಷೆ ಎಂದ ಕೂಡಲೇ ಎಲ್ಲರ ಕೈ ಹೋಗುವುದು ಪಿಂಗ್ ಕಡೆಗೆ. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಸಂಶೋಧನಾಲಯವೊಂದರಲ್ಲಿದ್ದ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಮ್ ಅದು, ಒಂದು ವಿಳಾಸಕ್ಕೆ ಪ್ಯಾಕೆಟ್ (ದತ್ತಾಂಶದ ಪುಟ್ಟ ತುಂಡು) ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುತ್ತದೆ. ಸೋನಾರ್‌ನ ಸದ್ದೇ ಅದರ ಹೆಸರು. ಸ್ಕ್ರಿಪ್ಟ್‌ಗೆ ಅದು ಹೇಳಿ ಮಾಡಿಸಿದಂತಿದೆ: ಉತ್ತರ ಬಂದರೆ ಅದು ಮುಗಿಯುವಾಗ ಸ್ಕ್ರಿಪ್ಟ್‌ಗೆ ಒಪ್ಪಿಸುವ ನಿರ್ಗಮನ ಸಂಖ್ಯೆ 0, ಬರದಿದ್ದರೆ 1, ಬೇರೆ ತೊಂದರೆಯಾದರೆ 2. ಪಕ್ಕದಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದರೆ ಸಮಸ್ಯೆಯೇ ಇಲ್ಲ. ಇಲ್ಲದಿದ್ದರೆ? ಒಂದೇ ಯಂತ್ರದಲ್ಲಿ ಎರಡು ಕಾರ್ಡ್ ಇವೆಯಲ್ಲ, ಅವೆರಡರ ನಡುವೆ ಒಂದು ಕೇಬಲ್ ಹಾಕಿ, ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2 ಕೊಟ್ಟು ಪಿಂಗ್ ಮಾಡಿದರೆ ಎರಡೂ ಕಾರ್ಡ್ ಒಟ್ಟಿಗೇ ಪರೀಕ್ಷೆಯಾಗಿಬಿಡುತ್ತವೆ ಎಂಬ ಯೋಚನೆ ಎಂಥವರಿಗೂ ಹೊಳೆಯುತ್ತದೆ.

ಪಿಂಗ್ ಪಾಸ್ ಆಗುತ್ತದೆ. ಕೇಬಲ್ ಕಿತ್ತುಹಾಕಿ. ಆಗಲೂ ಪಾಸ್ ಆಗುತ್ತದೆ!

ಕಾರಣ ಸರಳ. 192.168.50.2 ತನ್ನದೇ ವಿಳಾಸ ಎಂದು ಕರ್ನೆಲ್‌ಗೆ ಗೊತ್ತು. ಅಡುಗೆಮನೆಯಿಂದ ನಡುಮನೆಗೆ ಕಳಿಸುವ ಚೀಟಿಯನ್ನು ಯಾರೂ ಅಂಚೆಗೆ ಹಾಕುವುದಿಲ್ಲವಲ್ಲ, ಹಾಗೆ ಪ್ಯಾಕೆಟ್ಟನ್ನು ‘ಲೋ’ ಮೂಲಕ ಒಳಗಿಂದೊಳಗೇ ತಲುಪಿಸಿಬಿಡುತ್ತದೆ. ‘ಐಪಿ ರೂಟ್ ಗೆಟ್’ ಎಂದು ಆ ವಿಳಾಸವನ್ನು ಕೇಳಿ ನೋಡಿ, ‘ಡೆವ್ ಲೋ’ ಎಂದು ತಾನೇ ಒಪ್ಪಿಕೊಳ್ಳುತ್ತದೆ. ಸರಿ, ಪಿಂಗ್‌ಗೆ ಮೈನಸ್ ದೊಡ್ಡ ಐ ಕೊಟ್ಟು ಇಂತಹ ಕಾರ್ಡ್‌ನಿಂದಲೇ ಹೊರಡು ಎಂದು ಒತ್ತಾಯಿಸಿದರೆ? ಈಗ ಸಂಕೇತ ತಂತಿಗೆ ಇಳಿಯುತ್ತದೆ. ಆದರೆ ಆಚೆ ಕಾರ್ಡಿಗೆ ಬಂದದ್ದನ್ನು ನೋಡಿ ಕರ್ನೆಲ್, ಹೊರಗಿಂದ ಬಂದುದರ ಮೇಲೆ ತನ್ನದೇ ವಿಳಾಸವಿದೆಯಲ್ಲ, ಇದು ಮೋಸ ಎಂದು ಎಸೆದುಬಿಡುತ್ತದೆ. ಕೇಬಲ್ ಚೆನ್ನಾಗಿದ್ದರೂ ಪರೀಕ್ಷೆ ಫೇಲ್. ಮೊದಲ ಸ್ಕ್ರಿಪ್ಟ್ ಕೆಟ್ಟದ್ದನ್ನು ಒಳ್ಳೆಯದೆಂದಿತು, ಎರಡನೆಯದು ಒಳ್ಳೆಯದನ್ನು ಕೆಟ್ಟದ್ದೆಂದಿತು. ನನ್ನ ಲೆಕ್ಕದಲ್ಲಿ ಮೊದಲನೆಯದೇ ಹೆಚ್ಚು ಅಪಾಯಕಾರಿ, ಅದನ್ನು ಯಾರೂ ಅನುಮಾನಿಸುವುದಿಲ್ಲ.

ದಾರಿ ಇದೆ, ಅದಕ್ಕೆ ನೆಟ್‌ವರ್ಕ್ ನೇಮ್‌ಸ್ಪೇಸ್ ಎಂದು ಹೆಸರು. ಡಾಕರ್‌ನಂಥ ಕಂಟೇನರ್‌ಗಳು ನಿಂತಿರುವುದೂ ಇದರ ಮೇಲೆಯೇ. ಒಂದೇ ಕರ್ನೆಲ್‌ನೊಳಗೆ ತನ್ನದೇ ರೂಟಿಂಗ್ ಪಟ್ಟಿ (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿ), ತನ್ನದೇ ‘ಲೋ’, ತನ್ನದೇ ವಿಳಾಸಗಳಿರುವ ಇನ್ನೊಂದು ಲೋಕ ಹುಟ್ಟುತ್ತದೆ. ‘ಐಪಿ ನೆಟ್‌ಎನ್‌ಎಸ್ ಆಡ್’ನಿಂದ ಒಂದನ್ನು ಹುಟ್ಟಿಸಿ, ಎರಡನೆಯ ಕಾರ್ಡನ್ನು ಅದರೊಳಗೆ ತಳ್ಳಿ, ಅಲ್ಲೇ ವಿಳಾಸ ಕೊಟ್ಟು ಅಪ್ ಮಾಡಿದರೆ ಈಚೆಯ ಲೋಕಕ್ಕೆ ಆ ವಿಳಾಸ ಪರಕೀಯ. ಈಗ ಪಿಂಗ್ ಕಳಿಸಿದರೆ ಪ್ಯಾಕೆಟ್‌ಗೆ ತಂತಿಯ ಹೊರತು ಬೇರೆ ದಾರಿಯೇ ಇಲ್ಲ. ಕೇಬಲ್ ಕಿತ್ತರೆ ಫೇಲ್, ಸಿಕ್ಕಿಸಿದರೆ ಪಾಸ್. ಅದರ ಮೇಲೆ ಪಿಂಗ್‌ಗೆ 1472 ಬೈಟ್‌ಗಳ ಹೊರೆ ಹೊರಿಸಿ ಕೆಲವು ಸಾವಿರ ಸಲ ಕಳಿಸಬಹುದು. ಐಪಿ ತಲೆಬರಹದ 20 ಬೈಟ್, ಪಿಂಗ್ ಬಳಸುವ ಐಸಿಎಂಪಿ ಶಿಷ್ಟಾಚಾರದ 8 ಸೇರಿದರೆ ಈಥರ್ನೆಟ್‌ನ ಮಾಮೂಲಿ ಮಿತಿಯಾದ 1500 ಭರ್ತಿಯಾಗುತ್ತದೆ. ಮೊದಲು, ಕೊನೆಗೆ ಎರಡು ಸಲ ‘ಸ್ಟ್ಯಾಟಿಸ್ಟಿಕ್ಸ್’ ಡೈರೆಕ್ಟರಿಯ ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟು ಬಂದ ದತ್ತಾಂಶದ) ಎಣಿಕೆ ಓದಿ ವ್ಯತ್ಯಾಸ ನೋಡಬೇಕು. ಅದು ಸೊನ್ನೆಗಿಂತ ಹೆಚ್ಚಿದ್ದರೆ ಪಿಂಗ್ ಎಷ್ಟೇ ಪಾಸಾಗಿದ್ದರೂ ಆ ಕೇಬಲ್ಲನ್ನು ಬದಲಾಯಿಸುವುದು ಒಳ್ಳೆಯದು.

ಒಂದು ಎಚ್ಚರಿಕೆ. ಕಾರ್ಡನ್ನು ನೇಮ್‌ಸ್ಪೇಸ್‌ಗೆ ತಳ್ಳಿದೊಡನೆ ಅದರ ಐಪಿ ವಿಳಾಸ ಅಳಿಸಿಹೋಗುತ್ತದೆ. ದೂರದ ಯಂತ್ರಕ್ಕೆ ಲಾಗಿನ್ ಆಗುವ ಸಲಕರಣೆಯಾದ ಎಸ್‌ಎಸ್‌ಎಚ್ ಮೂಲಕ ಬಂದಿದ್ದು, ಬಂದದ್ದೇ ಆ ಕಾರ್ಡಿನಿಂದ ಎಂದಾದರೆ ಸಂಪರ್ಕ ಅಲ್ಲಿಗೆ ಮುಗಿಯಿತು. ಆದ್ದರಿಂದ ಸ್ಕ್ರಿಪ್ಟ್‌ನ ಮೊದಲಲ್ಲೇ ಡೀಫಾಲ್ಟ್ ರೂಟ್ (ಹೊರಜಗತ್ತಿಗೆ ಹೋಗುವ ಮಾಮೂಲಿ ದಾರಿ) ಯಾವ ಕಾರ್ಡಿನಲ್ಲಿದೆ ಎಂದು ಕೇಳಿ ಅದನ್ನು ಪಟ್ಟಿಯಿಂದ ಕೈಬಿಡಬೇಕು, ಎಸ್‌ಎಸ್‌ಎಚ್ ಬಂದ ಕಾರ್ಡ್ ಬೇರೆಯಾಗಿದ್ದರೆ ಅದನ್ನೂ. ಜೊತೆಗೆ, ಸ್ಕ್ರಿಪ್ಟ್ ನಡುವೆ ನಿಂತರೂ ಹೇಳಿದ ಕೆಲಸ ಮಾಡಿಸುವ ಶೆಲ್ ಆದೇಶವಾದ ‘ಟ್ರ್ಯಾಪ್’ ಒಂದನ್ನು ಹಾಕಿ, ಯಾರಾದರೂ ನಡುವೆ ಕಂಟ್ರೋಲ್ ಸಿ ಒತ್ತಿದರೂ ನೇಮ್‌ಸ್ಪೇಸ್ ಅಳಿಸುವಂತೆ ಮಾಡಿ. ಅಳಿಸಿದಾಗ ಅಸಲಿ ಕಾರ್ಡ್ ತಾನಾಗಿಯೇ ಮೂಲ ಲೋಕಕ್ಕೆ ಮರಳುತ್ತದೆ. ಹಳೆಯ ವಿಳಾಸ ಮಾತ್ರ ಮರಳುವುದಿಲ್ಲ, ಅದನ್ನು ಮೊದಲೇ ಬರೆದಿಟ್ಟುಕೊಂಡು ಸ್ಕ್ರಿಪ್ಟೇ ಮತ್ತೆ ಕೊಡಬೇಕು.